ಮತ್ತು ಇತರರು

ದಾವೆಯ ತಲೆಬರಹದಲ್ಲಿ ಚೌಡಮ್ಮನ ಹೆಸರು.
ನಾವು ಐವತ್ತಮೂರು ಮಂದಿ ‘ಮತ್ತು ಇತರರು’.
ನಾನು ಇಪ್ಪತ್ತೇಳನೆಯವನು: ಹರಿಗೋಲು ಒಂದು, ಬಲೆ ಎರಡು.

ಮಂಡಗದ್ದೆ ತಿರುವಿನಲ್ಲಿ ಟ್ಯಾಂಕರ್ ಮಗುಚಿದ ರಾತ್ರಿ
ಫರ್ನೇಸ್ ಆಯಿಲ್ ಸದ್ದಿಲ್ಲದೆ ತುಂಗೆಗಿಳಿಯಿತು.
ಬೆಳಗಿಗೆ ಹೊಳೆಗೆ ನವಿಲುಬಣ್ಣ.
ಚಂದ, ಅಂದಿತು ತಂಗಿಯ ಮಗು. ನಿಜಕ್ಕೂ ಚಂದವೇ ಇತ್ತು,
ಬಾಳೆಮೀನು ಹೊಟ್ಟೆ ಮೇಲಾಗಿ ತೇಲಿ ಬರುವ ತನಕ.

ಆಮೇಲೆ ಒಂಬತ್ತು ವರ್ಷ ಶಿವಮೊಗ್ಗದ ಕೋರ್ಟು.
ಡ್ರೈವರು ಬ್ರೇಕಿನತ್ತ ಬೆರಳು ತೋರಿದ,
ಮಾಲೀಕ ಡ್ರೈವರನತ್ತ, ಕಂಪನಿ ಮಾಲೀಕನತ್ತ,
ವಿಮೆಯವರು ಪಾಲಿಸಿಯ ಹನ್ನೊಂದನೇ ಪುಟದತ್ತ.
ಹೊಳೆ ಈ ದಾವೆಯಲ್ಲಿ ಪಕ್ಷಗಾರ ಅಲ್ಲವಂತೆ.

ಹಿಡಿದ ಮೀನಿಗೆ ರಸೀದಿ ಇದೆಯಾ, ಕೇಳಿದರು ಎದುರು ವಕೀಲರು.
ಬುಟ್ಟಿ ಇದೆ ಸ್ವಾಮಿ, ಅಂದೆ.
ನಕ್ಕರು. ನಮ್ಮ ವಕೀಲರೂ ಸ್ವಲ್ಪ.

ಚೌಡಮ್ಮ ಕಟಕಟೆಯಲ್ಲಿ ಗಂಟು ಬಿಚ್ಚಿದಳು:
ಆ ಬೆಳಗ್ಗೆ ಮೀನು ಬಾಚಲು ನೀರಿಗಿಳಿದ ಸೀರೆ,
ಮೊಣಕಾಲ ತನಕ ಕಪ್ಪು,
ಒಗೆಯದೆ ಇಟ್ಟದ್ದು.
ಹಾಲಿನಲ್ಲಿ ಯಾರೋ ಮೂಗು ಮುಚ್ಚಿಕೊಂಡರು.
ನಿಶಾನೆ ಪಿ. ಹದಿನಾಲ್ಕು, ಚೀಟಿ ಅಂಟಿಸಿದರು.

ಕೊನೆಗೆ ತೀರ್ಪು. ತಲೆಗೆ ಆರು ಸಾವಿರದ ಇನ್ನೂರು.
‘ಇನ್ನು ಯಾವ ಬಾಕಿಯೂ ಇಲ್ಲ’ ಎಂಬ ಸಾಲಿನ ಕೆಳಗೆ
ಹೆಬ್ಬೆಟ್ಟೊತ್ತಿ ಇಂಕು ಒರೆಸಿಕೊಳ್ಳುತ್ತ
ಸೀರೆ ವಾಪಸ್ಸು ಕೊಡಿ, ಅಂದಳು ಚೌಡಮ್ಮ.
ಅಪೀಲಿನ ಗಡುವು ಮುಗೀಲಿ, ಅಂದ ಗುಮಾಸ್ತ, ತಲೆಯೆತ್ತದೆ.

ಆಗಲಿ, ಅಂದಳು.
ಬಸ್ಸು ಹತ್ತುವ ಮೊದಲು ಗಾಂಧಿ ಬಜಾರಿನಲ್ಲಿ
ಚೌಕಾಸಿ ಮಾಡದೆ
ಎರಡು ಬಾರ್ ಸೋಪು ಕೊಂಡಳು.