ಮೊದಲ ಆಯ್ಕೆ

ಪಾಂಡವಪುರದ ಬಸ್ ನಿಲ್ದಾಣದೆದುರು, ಬೇಕರಿಯ ಮೇಲೆ
ನನ್ನ ಆನ್‌ಲೈನ್ ಸೆಂಟರು.
ಪಹಣಿ, ಜಾತಿ ಪತ್ರ, ರೇಷನ್ ಕಾರ್ಡಿನ ತಿದ್ದುಪಡಿ.
ಈ ವಾರ ಮಾತ್ರ ಬರೀ ಸೈನ್ಯ.
ಐವತ್ತೆಂಟು ಹುಡುಗರ ಎತ್ತರ, ಎದೆಯ ಸುತ್ತಳತೆ,
ಮೈಮೇಲಿನ ಎರಡೆರಡು ಮಚ್ಚೆ
ಟೈಪು ಮಾಡಿದ್ದೇನೆ.
ಹೆತ್ತವರಿಗೂ ಮರೆತಿರಬಹುದಾದ ಮಚ್ಚೆಗಳು
ನನ್ನ ಬೆರಳಿಗೆ ಗೊತ್ತು.

ಕೊನೆಯ ದಿನ, ರಾತ್ರಿ ಎಂಟೂ ನಲವತ್ತಕ್ಕೆ
ಮೂರ್ಮೂರು ಮೆಟ್ಟಿಲು ಹಾರಿ ಬಂದ
ಕ್ಯಾತನಹಳ್ಳಿಯ ಹುಡುಗ.
ಹೆಸರು ನಿಶ್ಚಲ.
ಇಟ್ಟವರು ಯಾರೋ! ನಾಲೆ ಏರಿಯ ಮೇಲೆ
ಸಾವಿರದಾರುನೂರು ಮೀಟರನ್ನು ಐದು ನಿಮಿಷ ಹತ್ತು ಸೆಕೆಂಡಿಗೆ
ಮುಗಿಸುವ ಕಾಲು ಅವನದು.
ಶೂ ತುಂಬ ಕೆಸರು, ಕಂಕುಳಲ್ಲಿ ಪ್ಲಾಸ್ಟಿಕ್ ಕವರು,
ಕವರಿನಲ್ಲಿ ಐಟಿಐ ಸರ್ಟಿಫಿಕೇಟು:
ಮೋಟಾರು ಮೆಕ್ಯಾನಿಕ್, ಎರಡು ವರ್ಷ, ಎಂಬತ್ತೊಂದು ಪರ್ಸೆಂಟು.

ಎಲ್ಲ ತುಂಬಿ, ಒಂದು ಕಡೆ ನಿಂತೆವು.
ಬಾಣದ ಗುರುತು ಒತ್ತಿದರೆ ಪಟ್ಟಿ ಇಳಿಯುತ್ತದೆ:
ಜನರಲ್ ಡ್ಯೂಟಿ. ಟೆಕ್ನಿಕಲ್. ಕ್ಲರ್ಕು. ಕೆಳಗೆ ಟ್ರೇಡ್ಸ್‌ಮನ್.
ಮೊದಲ ಆಯ್ಕೆ ಒಂದೇ.

'ಯಾವ್ದಪ್ಪ?' ಅಂದೆ.
'ತಡೀರಿ ಅಕ್ಕ' ಅಂದ.
ಜೊತೆಗೆ ಓಡುವ ಹುಡುಗರೆಲ್ಲ ಜನರಲ್ ಡ್ಯೂಟಿಯಂತೆ,
ಕೋವಿ ಹಿಡಿಯದ ಮೇಲೆ ಅದೆಂಥ ಮಿಲಿಟ್ರಿ, ಅಂತ ನಗುತ್ತಾರಂತೆ.
ಐಟಿಐ ಮೇಷ್ಟ್ರು ಬೈದರಂತೆ:
'ಕೈಯಲ್ಲಿ ಕಸುಬಿದೆ. ನಾಲ್ಕು ವರ್ಷಕ್ಕೆ ವಾಪಸ್ ಕಳಿಸಿದ್ರೆ
ಕೋವಿ ಹೊಡೆಯೋಕೆ ಮಂಡ್ಯದಲ್ಲಿ ಯಾವ ಗ್ಯಾರೇಜಿದೆ?'

ರಿಟೈರ್ಡ್ ಹವಾಲ್ದಾರ್ ಬೋರಯ್ಯನವರು ಬೈಯಲಿಲ್ಲ.
ಚಪ್ಪಲಿ ಕಳಚಿ ಎಡಗಾಲು ತೋರಿಸಿದರಂತೆ.
ಹಿಮ ತಿಂದ ಎರಡು ಬೆರಳು ಇಲ್ಲ.
'ನಾನು ಲಾರಿ ಇಂಜಿನ್ ರಿಪೇರಿಗೆ ಸೇರಿದ್ದೋನು ಕಣ್ಲಾ.
ಚಳಿ ಬಂದು, ನಿಂದು ಯಾವ ಟ್ರೇಡು ಅಂತ ಕೇಳ್ನಿಲ್ಲ.'

ಅಷ್ಟರಲ್ಲಿ ಅವನ ಫೋನು. ಸ್ಪೀಕರಿಗೆ ಹಾಕಿದ.
ಹಿಂದೆ ಕುಕ್ಕರಿನ ಸದ್ದು, ಅದರ ಮೇಲೆ ಅವನವ್ವ:
'ಯಾವುದ್ರಲ್ಲಿ ಸಾಯಾಕಿಲ್ವೋ ಅದ್ನ ಆಕ್ಸು ಕಣ್ ಮಗ.'
ಪಟ್ಟಿಯನ್ನು ಇನ್ನೊಮ್ಮೆ ಇಳಿಸಿ ನೋಡಿದೆ,
ಗೊತ್ತಿದ್ದೂ.
ಆ ಸಾಲು ಇಲ್ಲ.

ನನಗೂ ಒಂದು ವರ್ಷ ಈ ಪಟ್ಟಿ ಇಳಿದಿತ್ತು.
ಹೆಣ್ಣುಮಕ್ಕಳಿಗೆ ಇದ್ದದ್ದು ಒಂದೇ ಸಾಲು, ಮಿಲಿಟರಿ ಪೊಲೀಸ್,
ಆರಿಸುವ ಕಷ್ಟವೇ ಇರಲಿಲ್ಲ.
ಎರಡು ಸೆಂಟಿಮೀಟರ್ ಕಮ್ಮಿ ಬಿದ್ದೆ.
ಈಗಲೂ ಗೋಡೆಯ ಮೇಲೆ ಅಳತೆಪಟ್ಟಿ ಕಂಡರೆ
ಬೆನ್ನು ತಾನಾಗಿ ನೆಟ್ಟಗಾಗುತ್ತದೆ.
ಇದನ್ನು ಅವನಿಗೆ ಹೇಳಲಿಲ್ಲ.

ಕರೆಂಟು ಹೋಯಿತು.
ಯುಪಿಎಸ್ ಕೀಂ ಕೀಂ ಅನ್ನತೊಡಗಿತು, ಅದರದು ಹಳೇ ರೋಗ,
ಹೆಚ್ಚೆಂದರೆ ಎರಡು ನಿಮಿಷ.
'ಬೇಗ ಹೇಳೋ, ತುಂಬಿದ್ದೆಲ್ಲ ಹೋಗುತ್ತೆ!'
ಹೇಳಲಿಲ್ಲ. ನನ್ನ ನೈಲ್ ಕಟ್ಟರು ಇಸಿದುಕೊಂಡು
ಟೇಬಲಿನ ಕೆಳಗೆ ತೂರಿದ.
ಮೊಬೈಲಿನ ಬೆಳಕು ಹಲ್ಲಲ್ಲಿ ಕಚ್ಚಿ,
ಬ್ಯಾಟರಿಯ ಮೂತಿಗೆ ಕಟ್ಟಿದ್ದ ಬಿಳೀ ಪುಡಿ ಕೆರೆದು,
ವೈರು ಸುತ್ತಿ ಬಿಗಿದ.
ಕೀಂ ಕೀಂ ನಿಂತಿತು.
ಮುಖ ಕಾಣುತ್ತಿರಲಿಲ್ಲ, ಕೈ ಕಾಣುತ್ತಿತ್ತು,
ಆತುರವಿಲ್ಲದ ಕೈ.
ಸರಿ, ಇನ್ನು ಕೇಳುವುದೇನಿದೆ ಅಂದುಕೊಂಡು
ಎರಡನೇ ಸಾಲಿನ ಮೇಲೆ ಬಾಣ ಇಟ್ಟೆ.

ಎದ್ದ. ಪ್ಯಾಂಟಿಗೆ ಕೈ ಒರೆಸಿದ.
ಮೌಸನ್ನು ತನ್ನ ಕಡೆಗೆ ಎಳೆದುಕೊಂಡು ತಾನೇ ಒತ್ತಿದ.
ಜನರಲ್ ಡ್ಯೂಟಿ.

'ಇದು ಬರುತ್ತಲ್ಲೋ ನಿಂಗೆ' ಅಂದೆ, ಯುಪಿಎಸ್ ತೋರಿಸಿ.
'ಅದ್ಕೇ ಅಕ್ಕ. ಇದು ಬತ್ತದೆ. ಎಲ್ಗೂ ಓಗಲ್ಲ.
ಇನ್ನೊಂದು ಬತ್ತದೋ ಇಲ್ವೋ ಗೊತ್ತಿಲ್ಲ.'
ಸ್ವಲ್ಪ ಹೊತ್ತು ಬಿಟ್ಟು,
'ಅವ್ವ ಕೇಳುದ್ರೆ ಟೆಕ್ನಿಕಲ್ ಅಂದ್ಬುಡಿ.'

ನೂರು ರೂಪಾಯಿ ಇಟ್ಟ. ರಿಪೇರಿದು ಅಂತ ಐವತ್ತು ಚಾಚಿದೆ,
ತಗೊಳ್ಳದೆ ಮೆಟ್ಟಿಲಿಳಿದ,
ಈ ಸಲ ಒಂದೊಂದೇ.

ಮರುದಿನ ಅವನವ್ವ ಬಂದರು,
ರೇಷನ್ ಕಾರ್ಡಿಗೆ ಹೆಬ್ಬೆಟ್ಟು ಕೊಡುವ ನೆಪ.
ಸವೆದ ಹೆಬ್ಬೆಟ್ಟು; ಮಷೀನು ಮೂರು ಸಲ ಒಪ್ಪಲಿಲ್ಲ.
'ಯಾವ್ದು ಆಕ್ದವ್ವ ನನ್ ಮಗಂಗೆ?'
ಒದ್ದೆ ಬಟ್ಟೆಯಲ್ಲಿ ಬೆರಳು ಒರೆಸಿ ಇನ್ನೊಮ್ಮೆ ಇಡಿಸಿದೆ,
ಮೇಲಿಂದ ನನ್ನ ಬೆರಳು ಒತ್ತಿ ಹಿಡಿದೆ.
'ಅಲ್ಲಾಡಿಸ್ಬೇಡಿ' ಅಂದೆ.