ಕುಲ ಗೊತ್ತು, ಹೆಸರು ಗೊತ್ತಿಲ್ಲ

ಬೆಣ್ಣೆಹೊಳೆಯಲ್ಲಿ ಕನ್ನಿ ಕಲ್ಲು ಮಗುಚುತ್ತಾಳೆ,
ಏಡಿ ಹಿಡಿದು ಪಳಗಿದ ಕೈ.
ಅಡಿಗೆ ಅಂಟಿಕೊಂಡದ್ದನ್ನು ನನ್ನ ಬಿಳಿ ತಟ್ಟೆಗೆ ಕೊಡವಿ
'ಇದಾ ನಿಮ್ದು?' ಎನ್ನುತ್ತಾಳೆ,
ಕಳೆದ ಓಲೆ ಹುಡುಕಿಕೊಟ್ಟ ಹಾಗೆ.

ಹೌದು, ನನ್ನದು. ಎರಡು ಬಾಲ.
ಕಾಲಿನ ಬುಡದಲ್ಲಿ ಬಿಳಿ ಜುಂಗಿನ ಕಿವಿರು.
ನೆತ್ತಿಯಲ್ಲಿ ಮೂರಿರಬೇಕಾದ ಚುಕ್ಕಿಗಣ್ಣು ಎರಡೇ:
ಅಷ್ಟು ಸಾಕು, ಕುಲ ನಿಯೋಪರ್ಲ.
ಅಲ್ಲಿಂದ ಮುಂದೆ ದಾರಿಯಿಲ್ಲ.

ಪ್ರಭೇದದ ಹೆಸರು ಬೇಕಾದರೆ
ರೆಕ್ಕೆ ಬಂದ ಗಂಡು ಬೇಕು.
ಅವನ ಹೊಟ್ಟೆಯ ತುದಿಯನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ
ಒಳಗಿನದನ್ನು ಹೊರಗೆ ಮಗುಚಿ
ಮುಳ್ಳು ಎಣಿಸಬೇಕು.
ಹನ್ನೊಂದು ವರ್ಷ ಇದನ್ನೇ ಮಾಡಿದ್ದೇನೆ.
ಬಸ್ಸಿನಲ್ಲಿ ಯಾರಾದರೂ ಕೇಳಿದರೆ
ನೀರಿನ ಇಲಾಖೆ ಅನ್ನುತ್ತೇನೆ.

ಹೆಣ್ಣುಗಳು ಬೇರೆ ಕಪಾಟಿನಲ್ಲಿ.
ಶಿರಸಿಯ ಕಾಲೇಜು, ಕೆಳಗಿನ ಖಾನೆ,
ಸೀಸೆಯಲ್ಲಿ ಸ್ಪಿರಿಟ್ಟು, ಪೆನ್ಸಿಲ್ಲಿನ ಚೀಟಿ:
ಹೆಣ್ಣು. ಪ್ರಭೇದ ತಿಳಿದಿಲ್ಲ.
ಹೆಣ್ಣು. ಪ್ರಭೇದ ತಿಳಿದಿಲ್ಲ.
ಹೊಟ್ಟೆಯಲ್ಲಿ ಗೀರುಗೀರಿನ ಮೊಟ್ಟೆ, ನೂರಾರು.

ಈ ಸಲ ಒಂದು ಮರಿಯನ್ನು ಕೊಲ್ಲದೆ ತಂದೆ.
ಗಾಜಿನ ತೊಟ್ಟಿ, ಹೊಳೆಯ ನೀರು, ಅದರದೇ ಕಲ್ಲು,
ಗುಳುಗುಳು ಪಂಪು.
ಫೆಬ್ರವರಿಯ ಒಂದು ರಾತ್ರಿ ಕರೆಂಟು ಹೋಯಿತು.
ಟಾರ್ಚು ಬಿಟ್ಟು ನೋಡಿದರೆ
ಉಸಿರು ಸಾಲದೆ ಅದು ದಂಡ ಹೊಡೆಯುತ್ತಿತ್ತು,
ಏಳುತ್ತ, ಇಳಿಯುತ್ತ, ಏಳುತ್ತ,
ಗರಡಿಯಲ್ಲಿ ಮರೆತುಹೋದ ಪೈಲ್ವಾನನ ಹಾಗೆ.
ಗಂಡೇ ಇರಬೇಕು ಅಂದುಕೊಂಡೆ.
ರಬ್ಬರ್ ಕೊಳವೆ ಕಚ್ಚಿಕೊಂಡು
ನಾಲ್ಕು ಗಂಟೆಯ ತನಕ ಊದಿದೆ.

ಎಂಟನೆಯ ದಿನ ಕಲ್ಲಿನ ಮೇಲೆ ಖಾಲಿ ಅಂಗಿ,
ಬೆನ್ನು ಸೀಳಿಕೊಂಡು ಹಾಗೇ ನಿಂತಿದೆ.
ಪಕ್ಕದಲ್ಲಿ, ಎಣ್ಣೆ ಕಾಗದದಂಥ ರೆಕ್ಕೆ
ಬೆನ್ನಿಗೆ ಮಡಿಸಿಕೊಂಡು,
ಹೆಣ್ಣು.

ಕೂಲಿಯ ವೋಚರಿಗೆ ಹೆಬ್ಬೆಟ್ಟು ಒತ್ತಲು ಬಂದ ಕನ್ನಿ
ತೊಟ್ಟಿಗೆ ಬಗ್ಗಿ ನೋಡಿದಳು.
'ಎಂತ ತಿಂತದೆ?'
'ಏನೂ ಇಲ್ಲ. ಇನ್ನು ತಿನ್ನುವ ಬಾಯಿಲ್ಲ ಅದಕ್ಕೆ.'
'ಹೆಸರು?'
ನಾನು ಕೈಯಲ್ಲಿದ್ದ ವೋಚರು ನೋಡಿದೆ.
ಹೆಸರಿನ ಜಾಗದಲ್ಲಿ ನನ್ನದೇ ಅಕ್ಷರ:
ಹೆಣ್ಣಾಳು, ಒಂದು.
ಚೀಟಿಯಾದರೆ ಪೆನ್ಸಿಲ್ಲು. ಇದು ಶಾಯಿ.

'ಏಡಿಗೆ ಗೊತ್ತಿರ್ತದೆ ಬಿಡಿ,' ಅಂದಳು ಅವಳು
ಹೆಬ್ಬೆಟ್ಟಿನ ನೀಲಿಯನ್ನು ಗೋಡೆಗೆ ಒರೆಸುತ್ತ.
'ಅದು ತಿನ್ನೂದು ಇದ್ನೇ.'