ಖಡುಲೆ ಬರೆದ ಹೆಸರು

ಬಂದ ಬ್ಲಾಕಿನ ಮೈಮ್ಯಾಲೆ ಖಡುಲೆ ಹೆಸರು ಬರೀತಿದ್ದೆ:
ಕುಂದಗೋಳ ಟ್ಯಾಕ್ಸಿ. ನವಲಗುಂದ ಡಾಕ್ಟರು.
ಫಕ್ರೂ ಅದನ್ನ ಸೀಮೆಎಣ್ಣಿ ಡ್ರಮ್ಮಿಗೆ ಇಳಿಸಿದ್ದೇ ತಡ
ಊರೂ ಹೋತು, ಡಾಕ್ಟರೂ ಹೋದರು.
ಸಂಜೀಕೆ ಕಾರವಾರ ರೋಡಿನ ನಮ್ಮ ಅಂಗಡಿ ಕಟ್ಟಿಮ್ಯಾಲೆ
ಏಳು ಬ್ಲಾಕು, ಏಳೂ ಬತ್ತಲೆ,
ಒಂದಕ್ಕೂ ವಿಳಾಸ ಇಲ್ಲ.

ರಜಿಸ್ಟರು ನಂದು. ಬೈಗುಳಾನೂ ನಂದೇ.

"ಕಮಲಾಕ್ಷೀ, ಖಡು ನಂಬಬ್ಯಾಡ, ಬೀಡನ್ನ ಕೇಳು"
ಅಂದರು ಮಕ್ತುಮಸಾಬರು,
ಮಶೀನಿನ ಬೆಲ್ಟಿಗೆ ರಾಳ ಹಚ್ಚುತ್ತ, ತಿರುಗಿ ನೋಡದೆ.

ಮೊದಲು ಕಣ್ಣು ಎಣಿಸು.
ಮೂರು ಕಣ್ಣು ಕಂಡಕೂಡಲೆ ಮಾರುತಿ ಅನಬ್ಯಾಡ,
ಟ್ರ್ಯಾಕ್ಟರಿಗೂ ಮೂರಿರತಾವ.
ಎತ್ತಿ ನೋಡು. ಫಕ್ರೂ ಒಬ್ಬನೇ ಎತ್ತಿದರ ಮಾರುತಿ,
ಚಾದಂಗಡಿ ಬಸಣ್ಣನ್ನೂ ಕರೀಬೇಕಾದರ ಟ್ರ್ಯಾಕ್ಟರು.

ಬದಿಗೆ ತಗಡಿನ ಎರಡು ಮುಚ್ಚಳ,
ಮುಚ್ಚಳದ ಹಿಂದ ಟ್ಯಾಪೆಟ್ಟುಗಳ ಓಣಿ ಇದ್ದರ
ಅಂಬಾಸಿಡರು. ಕೇಳೋದ ಬ್ಯಾಡ.

ಕಣ್ಣೇ ಇಲ್ಲ, ಬರೇ ದೊಡ್ಡ ಬೊಚ್ಚು ಬಾಯಿ?
ಹಲ್ಲಿನ ಸೆಟ್ಟು ತೆಗೆದಿಟ್ಟ ಮುದುಕ ಅದು.
ಲೈನರು ಎಲ್ಲಿ ಬಿಚ್ಚಿಟ್ಟಾರ ಹುಡುಕು.

ಹಾಳಾದ ಸ್ಪೀಕರಿನ ಅಯಸ್ಕಾಂತ ಒಂದು
ಲಾಡಿಗೆ ಕಟ್ಟಿ ಗೂಟಕ್ಕ ತೂಗಿಬಿಟ್ಟಿದ್ದರು.
ಬೀಡಾದರ ಠಪ್ಪಂತ ಹಿಡೀತೈತಿ,
ಜಿಪ್ಸಿಯ ಅಲ್ಯುಮಿನಿಯಂ ಮ್ಯಾಲೆ ಜಾರತೈತಿ.
"ಅಲ್ಲಿಗೇ ಬಿಡಬ್ಯಾಡ, ಕಣ್ಣಿನೊಳಗ ಇಳಿಸು"
ಇಳಿಸಿದೆ. ಹಿಡೀತು.
ಮೈ ಹಗುರ ಇದ್ದವರೂ ಒಳಗ ಬೀಡಿನ ತೋಳು ಹಾಕ್ಕೊಂಡಿರತಾರ.

ಸಣ್ಣ ಸುತ್ತಿಗಿಲೆ ಬಡಿದು ಕಿವಿ ಕೊಡು:
ಗಟ್ಟಿಯಿದ್ದದ್ದು ಹಿತ್ತಾಳಿ ತಾಟಿನಂಗ ಊದ್ದಕ ನುಡೀತೈತಿ,
ಬಿರುಕು ಬಿಟ್ಟದ್ದು ಒಡಕ ಗಡಿಗಿ.

ವಿ ಆಕಾರದ ಆರು ಕಣ್ಣಿಂದು
ನಾ ಒಮ್ಮೆ ಅಷ್ಟ ಕಂಡಿದ್ದು, ಗೋಕುಲ ರೋಡಿನ ಸಾಹುಕಾರಂದು.
ಫಕ್ರೂ ಅದರ ಕವಲಿನೊಳಗ ಚಾದ ಗ್ಲಾಸು ಇಟ್ಟ.
ಗ್ಲಾಸು ಸರಿಯಾಗೇ ಕೂತಿತ್ತು. ಸಾಹುಕಾರ ನಗಲಿಲ್ಲ.

ಆಮ್ಯಾಲೆ ಶ್ರಾವಣದ ಒಂದು ಮಧ್ಯಾಹ್ನ
ಆಟೋದಾಗ ಗೋಣಿಚೀಲ ಹೊದಿಸಿಕೊಂಡು ಒಂದು ಬಂತು.
ನಾಕು ಕಣ್ಣು. ನಂಬರು ಇರೋ ಜಾಗ
ಗ್ರೈಂಡರಿಲೆ ಉಜ್ಜಿ ಕನ್ನಡಿ ಆಗಿತ್ತು.
"ಪದ್ಮಿನಿದು. ಬೋರ್ ಹೊಡೀರಿ. ರಸೀದಿ ಬ್ಯಾಡ"
ಅಂದ ತಂದವ, ಹೊರಗ ಹೋಗಿ ಬೀಡಿ ಹಚ್ಚಿದ.

ಸಾಬರು ಕನ್ನಡಿ ನೋಡಲೇ ಇಲ್ಲ.
ಮೂರನೇ ಕಣ್ಣಿನ ಕೆಳಗ ಹೆಬ್ಬೆರಳು ಓಡಿಸಿದರು,
ನಿಂತರು, ಮತ್ತ ಓಡಿಸಿದರು.
ಬಿರುಕಿನ ಗುಂಟ ತಾಮ್ರದ ಏಳು ಮೊಳೆ.
ಆರನೇದು ತುಸು ಸೊಟ್ಟ.
"ಅವತ್ತು ಕರೆಂಟು ಹೋಗಿತ್ತು" ಅಂದರು,
"ಇದು ನನ್ನ ಹೊಲಿಗಿ."

ಅಟ್ಟದ ಮ್ಯಾಲಿನ ಹಳೇ ರಜಿಸ್ಟರು ಕೆಳಗಿಳಿಸಿದೆ.
ಧೂಳು, ಸತ್ತ ಜಿರಲಿ, ಯಾರದೋ ದುಂಡನ್ನ ಅಕ್ಷರ:
ಸೀತಾಬಾಯಿ ಕಾಖಂಡಕಿ, ಮೋಟಾರು ಡ್ರೈವಿಂಗ್ ಶಾಲೆ, ಗಣೇಶಪೇಟ.
ಮೊಳೆ ಏಳು. ಉದ್ರಿ.

ಎರಡು ಬ್ರೇಕಿನ ಆ ಗಾಡಿ!
ಉಣಕಲ್ಲಿನ ಏರಿನಾಗ ನಾ ಹನ್ನೊಂದು ಸಲ ಬಂದ್ ಬೀಳಿಸಿದ್ದು ಅದನ್ನೇ.
ಬಾಯಿ ಪಕ್ಕದ ಸೀಟಿನಾಗ ಕೂತು ಎಲಿಅಡಕಿ ಜಗೀತಿದ್ದಳು,
ಹನ್ನೆರಡನೇ ಸಲಕ್ಕ ಮಾತ್ರ ತುಟಿ ಬಿಚ್ಚಿ
"ಕಾಲು ನಿಂದೋ, ಬಾಜೂಮನಿಯವರದೋ?"

ಫೋನ್ ಹಚ್ಚಿದೆ. ಎದಿ ಡವಡವ,
ಕಳ್ಳನ್ನ ಹಿಡಿದೇಬಿಟ್ಟೆ ಅಂತ.

"ಕಳುವಿಂದಲ್ಲ, ನಾನೇ ಮಾರೇನಿ, ಗುಜರಿಗೆ, ಆರು ವರ್ಷಾತು.
ನಂಬರು ಯಾಕ ಉಜ್ಜಿದರೋ ಆ ಮೂಳರನ್ನೇ ಕೇಳು"
ಅಂದಳು. ಆಮ್ಯಾಲೆ ಸುಮ್ಮನಾದಳು.
ಕುಕ್ಕರಿನ ಎರಡು ಸೀಟಿ ಕೇಳಿಸಿದವು.
"ಇನ್ನೂ ಓಡತೈತೇನವ್ವಾ?"

ಬ್ಲಾಕು ಕಟ್ಟಿಮ್ಯಾಲೆ ಎಣ್ಣಿ ಸುರಿಸುತ್ತ ಕೂತಿತ್ತು,
ಪಿಸ್ಟನ್ ಇಲ್ಲ, ಹೆಡ್ಡಿಲ್ಲ, ಏನಿಲ್ಲ.
"ಓಡತೈತ್ರಿ" ಅಂದೆ.

ರಸೀದಿ ಹರಿದೆ. ಅವ ಬ್ಯಾಡ ಬ್ಯಾಡ ಅಂದರೂ
ಕಿಸೇಕ ತುರುಕಿದೆ.
ನಂಬರಿನ ಕಾಲಮ್ಮಿನಾಗ ಬರೆದೆ:
ಮೂರನೇ ಕಣ್ಣಿನ ಕೆಳಗ ಮೊಳೆ ಏಳು, ಒಂದು ಸೊಟ್ಟ.
ಪೆನ್ನಿಲೆ.